ಆ ಕೆಸರನ್ನು ಎಸೆಯಬೇಡಿ

ಸಿವಿಲ್‌ನವರಿಗೆ ಎಸ್‌ಪಿಟಿ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬೇಕಾಯ್ತು ಅಂತ ಎಣಿಸಿ ‘ಎನ್ ವ್ಯಾಲ್ಯೂ’ ಬರೆದುಕೊಳ್ಳೋದು. ಬೇರೆ ಬ್ರಾಂಚಿನ ಗೆಳೆಯರಿಗೆ ಒಂದೇ ಮಾತಲ್ಲಿ ಹೇಳೋದಾದರೆ, ಸೇತುವೆಯೋ ಜೆಟ್ಟಿಯೋ ಕಟ್ಟೋ ಮುಂಚೆ ನೆಲಕ್ಕೆ ತೂತು ಕೊರೆದು, ಕೆಳಗಿರೋ ಮಣ್ಣು ಗಟ್ಟಿಯೋ ಮೆತ್ತಗೋ ಅಂತ ನೋಡೋ ಪರೀಕ್ಷೆ. ಕೊಳವೆಯಲ್ಲಿ ಸಿಕ್ಕ ಮಣ್ಣು ಪ್ಲಾಸ್ಟಿಕ್ ಚೀಲ ಸೇರುತ್ತೆ, ಲ್ಯಾಬಿಗೆ ಹೋಗುತ್ತೆ. ಅಲ್ಲಿ ಜರಡಿ ಹಿಡೀತಾರೆ, ಲಿಕ್ವಿಡ್ ಲಿಮಿಟ್ ತೆಗೀತಾರೆ, ವರದಿಯಲ್ಲಿ ‘ಕಪ್ಪು ಬಣ್ಣದ ಮೆತ್ತನೆ ಜೇಡಿ, ಚಿಪ್ಪಿನ ಚೂರುಗಳಿವೆ’ ಅಂತ ಒಂದು ಸಾಲು ಬರೀತಾರೆ. ಕೆಲಸ ಮುಗಿದು ಬಿಲ್ ಪಾಸಾಯ್ತು ಅಂದ್ರೆ ಚೀಲದ ಮಣ್ಣು ಹಿತ್ತಿಲಿಗೆ. ಸಾಮಾನ್ಯವಾಗಿ ನಡೆಯೋದು ಇದೇ.

ನಮ್ಮ ತಕರಾರು ಆ ಕೊನೆಯ ಹೆಜ್ಜೆಯ ಬಗ್ಗೆ. ಕಾರವಾರದ ಕಾಳಿ ಅಳಿವೆಯಲ್ಲಿ, ಅಂಕೋಲೆಯ ಗಂಗಾವಳಿ ಅಳಿವೆಯಲ್ಲಿ, ಬೇಲೇಕೇರಿ-ಕೇಣಿ ಕಡೆಯ ಖಾರಿಗಳಲ್ಲಿ ಹೀಗೆ ಮೇಲೆ ಬರೋ ಕೆಸರನ್ನು ಎಸೆಯಬಾರದು. ಅಷ್ಟೇ ಅಲ್ಲ, ಈ ಕರಾವಳಿಯಲ್ಲಿ ಎಲ್ಲೇ ಹೂಳೆತ್ತೋ ಯಂತ್ರ ಇಳಿಯೋದಿದ್ದರೂ ಅದಕ್ಕೆ ಮೊದಲು ತಳದ ಕೆಸರನ್ನು ಪದರ ಕೆಡದ ಹಾಗೆ ಉದ್ದಕ್ಕೆ ತೆಗೆದು ಜೋಪಾನ ಮಾಡೋದು ಕಡ್ಡಾಯ ಆಗಬೇಕು. ಯಾಕೆ ಅಂತ ಹೇಳ್ತೀವಿ.

ಹೊಳೆ ಸಮುದ್ರ ಸೇರೋ ಜಾಗದಲ್ಲಿ ನೀರಿನ ಓಟ ನಿಧಾನ ಆಗುತ್ತೆ. ಸಿಹಿನೀರಲ್ಲಿ ತೇಲಿಕೊಂಡು ಬಂದ ಜೇಡಿಯ ಕಣಗಳು ಉಪ್ಪುನೀರು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ, ಭಾರ ಆಗಿ ತಳಕ್ಕೆ ಕೂರುತ್ತವೆ. ಹೀಗೆ ವರ್ಷದ ಮೇಲೆ ವರ್ಷ. ಹಳೆಯದು ಕೆಳಗೆ, ಹೊಸದು ಮೇಲೆ. ಆ ಕೆಸರಿನ ಜೊತೆಗೆ ಘಟ್ಟದ ಕಾಡಿನ ಹೂವಿನ ಪರಾಗ, ಕಾಂಡ್ಲಾ ಗಿಡಗಳ ಪರಾಗ, ಬೆಂಕಿ ಬಿದ್ದ ಕಾಡಿನ ಇದ್ದಿಲ ಚೂರು, ಬೆಳಚಿನ ಚಿಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಸುಣ್ಣದ ಗೂಡು, ಕಾರ್ಖಾನೆ ಬಿಟ್ಟ ಲೋಹ, ಗದ್ದೆಗೆ ಹಾಕಿದ ಗೊಬ್ಬರ ಎಲ್ಲವೂ ಸೇರಿಕೊಳ್ಳುತ್ತವೆ. ಪರಾಗದ ಹೊರಕವಚ ಎಷ್ಟು ಗಟ್ಟಿ ಅಂದ್ರೆ, ಗಾಳಿಯಾಡದ ಕೆಸರಲ್ಲಿ ಸಾವಿರಾರು ವರ್ಷ ಕೊಳೆಯೋದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಇದು ಯಾವ ಮರದ್ದು ಅಂತ ಗುರುತು ಹಿಡಿಯಬಹುದು.

ಇದು ಬರೀ ಥಿಯರಿ ಅಲ್ಲ. ನಮ್ಮ ಊರಿನ ಹೆಸರಲ್ಲೇ ಆದ ಕೆಲಸ ಇದೆ. ಕಾರವಾರದ ಎದುರಿನ ಸಮುದ್ರದ ತಳದಿಂದ ತೆಗೆದ ಕೆಸರಿನ ಕಂಬಗಳನ್ನು ಓದಿ ಕ್ಲೋಡ್ ಕರಾಟಿನಿ ಮತ್ತು ಸಂಗಡಿಗರು 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಕಾರವಾರ ಇದೆ. ಅವರು ಕಂಡಿದ್ದು ಏನಂದ್ರೆ, ಸುಮಾರು 3,500 ವರ್ಷಗಳ ಹಿಂದಿನಿಂದ ಈಚೆಗೆ ತೇವದ ಕಾಡಿನ ಮತ್ತು ಕಾಂಡ್ಲಾದ ಪರಾಗ ಕಡಿಮೆ ಆಗಿದೆ, ಬಯಲಿನ ಹುಲ್ಲಿನ ಪರಾಗ ಜಾಸ್ತಿ ಆಗಿದೆ. ಅಂದ್ರೆ ಇಲ್ಲಿನ ಹವೆ ಮೊದಲಿಗಿಂತ ಒಣಗಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಮಡಚೋಕೆ ಬಿಡದ ಈ ಕಾರವಾರ ‘ಒಣಗಿದ ಮೇಲಿನ’ ಕಾರವಾರ ಅಂತೆ! ಹಾಸ್ಟೆಲ್‌ನಲ್ಲಿ ಬಟ್ಟೆ ಒಣಗಿಸೋಕೆ ಪರದಾಡಿದವರು ಇದನ್ನು ನಂಬೋದು ಕಷ್ಟ.

ಅದಕ್ಕೂ ಮೊದಲು ಗೋವಾದ ದೋನಾ ಪಾವ್ಲಾದಲ್ಲಿರೋ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್, ಎನ್. ಖರೆ ಮುಂತಾದವರು ಇದೇ ಕಾರವಾರದ ಎದುರಿನ ಕೆಸರನ್ನು ಬೇರೆ ರೀತಿಯಲ್ಲಿ ಓದಿದ್ದರು. ಅವರು ಹಿಡಿದದ್ದು ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳನ್ನು. ಇವು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಕೆಲವು ಗುಂಡಗೆ, ಕೆಲವು ಕೋನಕೋನವಾಗಿ. ಮಳೆ ಜಾಸ್ತಿ ಆಗಿ ಕಾಳಿಯ ಸಿಹಿನೀರು ಸಮುದ್ರಕ್ಕೆ ನುಗ್ಗಿದರೆ ಉಪ್ಪು ಕಡಿಮೆ ಆಗುತ್ತೆ, ಯಾವ ಆಕಾರದವು ಎಷ್ಟು ಬದುಕುತ್ತವೆ ಅನ್ನೋ ಲೆಕ್ಕ ಬದಲಾಗುತ್ತೆ. ಆ ಅನುಪಾತದಿಂದ ಹಳೆಯ ಮಳೆಗಾಲಗಳನ್ನು ಅಂದಾಜು ಮಾಡಬಹುದಾ ಅಂತ 1992ರಲ್ಲಿ ಕೇಳಿದರು. 1995ರಲ್ಲಿ ಇನ್ನೂ ಮುಂದೆ ಹೋಗಿ, ಬರಗಾಲ ಸುಮಾರು 77 ವರ್ಷಗಳ ಆವರ್ತದಲ್ಲಿ ಬರುತ್ತೆ, ಅದಕ್ಕೂ ಸೂರ್ಯನ ಚಟುವಟಿಕೆಗೂ ನಂಟು ಇರಬಹುದು ಅಂದರು. ಈ ಎರಡನೇ ಮಾತಿನ ಬಗ್ಗೆ ನಮಗೆ ಸ್ವಲ್ಪ ಅನುಮಾನ ಇದೆ. ಕೆಲವೇ ಶತಮಾನಗಳ ದಾಖಲೆಯೊಳಗೆ 77 ವರ್ಷದ ಚಕ್ರ ಎಷ್ಟು ಸಲ ಸುತ್ತೀತು? ಸಿಗ್ನಲ್ ಪ್ರೊಸೆಸಿಂಗ್ ಓದಿದ ಯಾರಿಗಾದರೂ ಈ ಪ್ರಶ್ನೆ ಬರುತ್ತೆ. ಆದರೆ ಅನುಮಾನ ಬಗೆಹರಿಸೋಕೂ ಬೇಕಾಗಿರೋದು ಇನ್ನಷ್ಟು ಕೆಸರೇ.

ಘಟ್ಟದ ಮೇಲೂ ಇಂಥ ಕೆಲಸ ಆಗಿದೆ. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳನ್ನು ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಅವರ ತಂಡ ಅಯಸ್ಕಾಂತದ ಗುಣ ಅಳೆದು ಓದಿತು. ಮಳೆ ಚೆನ್ನಾಗಿ ಬಂದ ಕಾಲದಲ್ಲಿ ಜಲಾನಯನದ ಮಣ್ಣಲ್ಲಿ ಕಾಂತೀಯ ಖನಿಜ ಹೆಚ್ಚು ಹುಟ್ಟುತ್ತೆ, ಹೆಚ್ಚು ತೊಳೆದು ಬರುತ್ತೆ. ಕೆರೆಯ ತಳದ ಪದರ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಹೀಗೆ ಸುಮಾರು 3,700 ವರ್ಷಗಳ ಮಳೆಯ ಏರಿಳಿತವನ್ನು 2006ರಲ್ಲಿ ಅವರು ಬರೆದಿಟ್ಟರು. ಒಂದು ಕೆರೆಯ ಹೂಳು ಇಷ್ಟು ಹೇಳುತ್ತೆ ಅಂದ್ರೆ, ನಮ್ಮೂರ ಕೆರೆ ಹೂಳೆತ್ತೋ ಕಾಮಗಾರಿಯಲ್ಲಿ ಟಿಪ್ಪರ್ ಹತ್ತಿ ಹೋಗಿದ್ದು ಏನೇನು ಅಂತ ಯೋಚನೆ ಮಾಡಿ. ಹೂಳೆತ್ತಬೇಡಿ ಅಂತ ಹೇಳ್ತಾ ಇಲ್ಲ. ಕೆರೆಗೆ ನೀರು ನಿಲ್ಲಬೇಕು. ಎತ್ತೋ ಮುಂಚೆ ಒಂದು ಪೈಪ್ ಇಳಿಸಿ ಅಂತ ಕೇಳ್ತಿದ್ದೇವೆ.

ಹೂಳಿಗೆ ವಯಸ್ಸು ಹೇಗೆ ಗೊತ್ತಾಗುತ್ತೆ? ಹಳೆಯದಕ್ಕೆ ಕಾರ್ಬನ್-14 ಇದೆ. ಅರ್ಧಾಯುಷ್ಯ 5,730 ವರ್ಷ, ಎಲೆ, ಕಟ್ಟಿಗೆ, ಚಿಪ್ಪು ಸಿಕ್ಕರೆ ಕೆಲಸ ಆಗುತ್ತೆ. ಆದರೆ ನಮಗೆ ಹೆಚ್ಚು ಆಸಕ್ತಿ ಇರೋದು ಈಚಿನ ನೂರು-ನೂರೈವತ್ತು ವರ್ಷದಲ್ಲಿ. ಅದಕ್ಕೆ ಸೀಸ-210. ನೆಲದಿಂದ ರೇಡಾನ್ ಅನಿಲ ಗಾಳಿಗೆ ಹೋಗುತ್ತೆ, ಅಲ್ಲಿ ಕ್ಷಯಿಸಿ ಸೀಸ-210 ಆಗುತ್ತೆ, ಮಳೆಯ ಜೊತೆ ಕೆಳಗೆ ಬಂದು ಕೆಸರು ಸೇರುತ್ತೆ. ಅರ್ಧಾಯುಷ್ಯ ಸುಮಾರು 22 ವರ್ಷ. ಮೇಲಿನ ಪದರದಲ್ಲಿ ಎಷ್ಟಿದೆ, ಕೆಳಗೆ ಹೋದ ಹಾಗೆ ಎಷ್ಟು ಕಡಿಮೆ ಆಗಿದೆ ಅಂತ ನೋಡಿದರೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಹೂಳು ಕೂತಿದೆ ಅನ್ನೋದು ಸಿಗುತ್ತೆ. ಎಕ್ಸ್‌ಪೊನೆನ್ಷಿಯಲ್ ಡಿಕೇ ಸಮೀಕರಣ, ಮೊದಲ ವರ್ಷದ ಗಣಿತದಲ್ಲಿ ಹತ್ತು ಮಾರ್ಕಿಗೆ ಬರೆದದ್ದು! ಇದಕ್ಕೆ ತಾಳೆ ನೋಡೋಕೆ ಸೀಸಿಯಂ-137 ಇದೆ. ಬಯಲಲ್ಲಿ ಅಣುಬಾಂಬ್ ಸಿಡಿಸಿದ ಕಾಲದ ಕಸ ಅದು, 1963ರ ಹೊತ್ತಿಗೆ ಅತಿ ಹೆಚ್ಚು ಬಿತ್ತು. ಉಷ್ಣವಲಯದ ನಮ್ಮ ಕಡೆ ಬಿದ್ದದ್ದು ಕಡಿಮೆ, ಹಾಗಾಗಿ ಗುರುತು ಮಸುಕಾಗಿರುತ್ತೆ.

ಈಗ ಕಾಳಿ-ಗಂಗಾವಳಿಗೆ ಬರೋಣ. ನಮ್ಮ ಪ್ರಕಾರ ಇಡೀ ಪಶ್ಚಿಮ ಕರಾವಳಿಯಲ್ಲಿ ಇಷ್ಟು ಒಳ್ಳೆಯ ಜೋಡಿ ಸಿಗೋದು ಅಪರೂಪ. ಎರಡೂ ಅಳಿವೆ ಒಂದೇ ಜಿಲ್ಲೆಯವು, ನಡುವೆ ಬಸ್ಸಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಒಂದೇ ಮಳೆಗಾಲ, ಒಂದೇ ಘಟ್ಟ. ಆದರೆ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲುಸಾಲು ಅಣೆಕಟ್ಟು. ಸೂಪಾ ಒಂದೇ 101 ಮೀಟರ್ ಎತ್ತರ, ಸುಮಾರು 147 ಟಿಎಂಸಿ ನೀರು ಹಿಡಿಯುತ್ತೆ. ಗಂಗಾವಳಿಗೆ, ಅಂದ್ರೆ ಮೇಲೆ ಬೇಡ್ತಿ ಅಂತ ಕರೆಯೋ ಅದೇ ಹೊಳೆಗೆ, ಅಂಥ ದೊಡ್ಡ ಜಲವಿದ್ಯುತ್ ಅಣೆಕಟ್ಟು ಬರಲೇ ಇಲ್ಲ. ಬರಬೇಕಿತ್ತು. 1980ರ ದಶಕದ ಶುರುವಿನಲ್ಲಿ ಶಿರಸಿ-ಯಲ್ಲಾಪುರದ ಜನ, ಅಡಿಕೆ ತೋಟದವರು ಎದ್ದು ನಿಂತು ಬೇಡ್ತಿ ಯೋಜನೆ ನಿಲ್ಲಿಸಿದರು. ಆಗ ಅವರು ಉಳಿಸಿದ್ದು ಕಾಡು ಮತ್ತು ತೋಟ. ಜೊತೆಗೆ ನಮಗೆ ಒಂದು ಪ್ರಯೋಗದ ‘ಕಂಟ್ರೋಲ್’ ಕೂಡ ಉಳಿಸಿಕೊಟ್ಟಿದ್ದಾರೆ. ಒಂದು ಹೊಳೆಗೆ ಕಟ್ಟೆ ಇದೆ, ಒಂದಕ್ಕಿಲ್ಲ. ಎರಡರ ಬಾಯಲ್ಲೂ ಒಂದೊಂದು ಮೀಟರ್ ಕೆಸರು ತೆಗೆದು ಪಕ್ಕಪಕ್ಕ ಇಟ್ಟರೆ, ಅಣೆಕಟ್ಟು ಬಂದ ಮೇಲೆ ಸಮುದ್ರಕ್ಕೆ ಹೋಗೋ ಉಸುಕು ಎಷ್ಟು ಕಡಿಮೆ ಆಗಿದೆ ಅನ್ನೋ ಪ್ರಶ್ನೆಗೆ ಅಂದಾಜಲ್ಲ, ಅಳತೆಯೇ ಸಿಗಬಹುದು. ದಂಡೆ ಕೊರೀತಿದೆ ಅಂತ ಪ್ರತಿ ಮಳೆಗಾಲ ಕಲ್ಲು ಸುರಿಯೋ ಇಲಾಖೆಗೂ ಇದು ಬೇಕಾದ ಲೆಕ್ಕ ಅಲ್ವಾ? ಬೇಡ್ತಿ-ವರದಾ ನದಿ ಜೋಡಣೆ ಮಾತು ಮತ್ತೆ ಎದ್ದಿರೋದರಿಂದ ಈ ಕಂಟ್ರೋಲ್ ಎಷ್ಟು ದಿನ ಇರುತ್ತೋ.

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಓದೋ ಗೆಳೆಯರು ಇದು ಕರಾವಳಿಯವರ ತಾಪತ್ರಯ ಅಂತ ತಿಳ್ಕೋಬೇಡಿ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟೋ ಶಾಲ್ಮಲಾ ಸೇರೋದೂ ಇದೇ ಗಂಗಾವಳಿಗೆ. ನೀವು ಅಲ್ಲಿ ಚರಂಡಿಗೆ ಬಿಟ್ಟದ್ದರಲ್ಲಿ ಒಂದು ಪಾಲು ಅಂಕೋಲೆ ತಾಲೂಕಿನ ಮಂಜಗುಣಿಯಲ್ಲಿ ತಳ ಸೇರಿರುತ್ತೆ.

ಗಂಗಾವಳಿಯ ತಳಕ್ಕೆ ಈಚೆಗೆ ಒಂದು ಗುರುತೂ ಬಿದ್ದಿದೆ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಹೊಳೆಗೆ ಬಿತ್ತು. ಆಚೆ ದಡದ ಉಳುವರೆಗೆ ನೀರಿನ ಅಲೆ ನುಗ್ಗಿ ಮನೆಗಳನ್ನು ಕೆಡವಿತು. ಕೇರಳದ ಲಾರಿಯೊಂದನ್ನು, ಅದರ ಚಾಲಕನ ದೇಹವನ್ನು ಹೊಳೆಯ ತಳದಿಂದ ಮೇಲೆತ್ತೋಕೆ ಗೋವಾದಿಂದ ಡ್ರೆಜರ್ ಬರಬೇಕಾಯ್ತು, ಸೆಪ್ಟೆಂಬರ್ 25 ಆಯ್ತು. ಆ ಕೆಂಪು ಮಣ್ಣು ಒಂದಿಷ್ಟು ಕೆಳಗೆ ಹೋಗಿ ಅಳಿವೆಯ ಕಪ್ಪು ಕೆಸರಿನ ಮೇಲೆ ಪದರವಾಗಿ ಕೂತಿರಬೇಕು. ಇದನ್ನು ಬರೆಯೋವಾಗ ನಮಗೆ ಮನಸ್ಸು ಭಾರ ಆಗುತ್ತೆ. ಆದರೆ ಕೇಳಲೇಬೇಕಾದ ಪ್ರಶ್ನೆ ಅದೇ ಕೆಸರಲ್ಲಿದೆ. ಇಂಥ ಕೆಂಪು ಪದರ ಕೆಳಗೆ ಇನ್ನೂ ಎಷ್ಟು ಇವೆ? ನೂರು ವರ್ಷಕ್ಕೊಂದಾ, ಐನೂರಕ್ಕೊಂದಾ? ಅಥವಾ ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದ ಮೇಲೆ ಮಾತ್ರ ಕಾಣೋದಾ? ‘ಹಿಂದೆಂದೂ ಕಾಣದ ಮಳೆ’ ಅಂತ ಎಲ್ಲರೂ ಹೇಳ್ತಾರೆ. ಹಿಂದೆ ಏನೇನು ಕಂಡಿತ್ತು ಅಂತ ನೋಡಿದವರು ಎಷ್ಟು ಜನ? ಮಳೆಮಾಪಕದ ದಾಖಲೆ ನೂರು-ನೂರೈವತ್ತು ವರ್ಷಕ್ಕೆ ನಿಲ್ಲುತ್ತೆ. ಡಿಸೈನ್ ಫ್ಲಡ್ ಲೆಕ್ಕ ಹಾಕೋವಾಗ ನಾವು ಆ ಚಿಕ್ಕ ದಾಖಲೆಯನ್ನೇ ಗಂಬೆಲ್ ವಿಧಾನದಲ್ಲಿ ಎಳೆದು ಸಾವಿರ ವರ್ಷಕ್ಕೆ ಹಿಗ್ಗಿಸ್ತೀವಿ. ಹೈಡ್ರಾಲಜಿ ಪೇಪರ್‌ಗೆ ಅದು ಸಾಕು, ಗುಡ್ಡದ ಕೆಳಗೆ ಚಹಾ ಅಂಗಡಿ ಇಟ್ಟವರಿಗೆ ಸಾಕಾ?

ಮಾಲಿನ್ಯದ ವಿಷಯ ಇನ್ನೂ ಸೂಕ್ಷ್ಮ. ಕಾಳಿಯ ಮೇಲ್ಭಾಗದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆ 1950ರ ದಶಕದಿಂದ ಇದೆ. ಕದ್ರಾ ಜಲಾಶಯದ ದಂಡೆಯಲ್ಲಿ 2000ದಿಂದ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಕಾರವಾರದ ಪಕ್ಕ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಕಾಸ್ಟಿಕ್ ಸೋಡಾ ಉದ್ಯಮ ದೇಶದಲ್ಲೆಲ್ಲ ಒಂದು ಕಾಲಕ್ಕೆ ಪಾದರಸದ ಸೆಲ್ ಬಳಸಿ ಆಮೇಲೆ ಮೆಂಬ್ರೇನ್‌ಗೆ ಬದಲಾಯ್ತು. ಬೇಲೇಕೇರಿಯಲ್ಲಿ ಕಬ್ಬಿಣದ ಅದಿರು ಗುಡ್ಡಗುಡ್ಡವಾಗಿ ಬಿದ್ದಿದ್ದು, ಮುಟ್ಟುಗೋಲು ಹಾಕಿದ ಲಕ್ಷಾಂತರ ಟನ್ ಅದಿರು 2010ರಲ್ಲಿ ಮಾಯವಾಗಿದ್ದು, 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಿದ್ದು ನಿಮಗೆ ಗೊತ್ತೇ ಇದೆ. ಇವರಲ್ಲಿ ಯಾರು ಎಷ್ಟು ಕೆಡಿಸಿದ್ದಾರೆ ಅಂತ ನಾವು ತೀರ್ಪು ಕೊಡೋಕೆ ಹೊರಟಿಲ್ಲ. ಊರಲ್ಲಿ ಮೀನು ಕಡಿಮೆ ಆದರೆ ಒಬ್ಬರು ಕೈಗಾ ಅಂತಾರೆ, ಇನ್ನೊಬ್ಬರು ನೌಕಾನೆಲೆ ಅಂತಾರೆ, ಮತ್ತೊಬ್ಬರು ಟ್ರಾಲರ್ ಅಂತಾರೆ. ಕಂಪನಿಯವರು ‘ಎಲ್ಲ ಮಿತಿಯೊಳಗೇ ಇದೆ’ ಅಂತಾರೆ. ಈ ಜಗಳದಲ್ಲಿ ಸಾಕ್ಷಿ ಹೇಳಬಲ್ಲ ಒಬ್ಬನೇ ಒಬ್ಬ ಅಂದ್ರೆ ತಳದ ಕೆಸರು. ಕಾರ್ಖಾನೆ ಬರೋ ಮುಂಚಿನ ಪದರದಲ್ಲಿ ಪಾದರಸ ಎಷ್ಟಿತ್ತು, ಬಂದ ಮೇಲೆ ಎಷ್ಟು, ತಂತ್ರಜ್ಞಾನ ಬದಲಾದ ಮೇಲೆ ಎಷ್ಟು ಅಂತ ಅದು ಹೇಳುತ್ತೆ. ತಪ್ಪು ಮಾಡಿದ್ದರೆ ಸಿಕ್ಕಿಬೀಳ್ತಾರೆ, ಮಾಡಿಲ್ಲದಿದ್ದರೆ ಹೆಸರು ತೊಳೆದುಕೊಳ್ತಾರೆ. ನಮ್ಮ ಘಟ್ಟದ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಹುಟ್ಟಾ ಇದೆ. ಹಾಗಾಗಿ ಬೇಲೇಕೇರಿಯ ಕೆಸರಲ್ಲಿ ಕಬ್ಬಿಣ ಸಿಕ್ಕಿತು ಅನ್ನೋದೇ ಸಾಕ್ಷಿ ಆಗಲ್ಲ. ಹಳೆಯ ಪದರಕ್ಕಿಂತ ಎಷ್ಟು ಜಾಸ್ತಿ ಅನ್ನೋದು ಬೇಕು.

ಜಪಾನಿನ ಮಿನಮಾಟಾ ಕೊಲ್ಲಿಯ ಕಥೆ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪುಸ್ತಕದಲ್ಲಿ ಎರಡು ಸಾಲು ಇರುತ್ತೆ. ಅಲ್ಲಿ ರಾಸಾಯನಿಕ ಕಾರ್ಖಾನೆ ಪಾದರಸ ಬಿಡೋದನ್ನು ನಿಲ್ಲಿಸಿದ್ದು 1968ರಲ್ಲಿ. ಆದರೆ ತಳದ ಕೆಸರಲ್ಲಿ ಕೂತಿದ್ದ ಪಾದರಸ ಎಲ್ಲಿ ಹೋಗುತ್ತೆ? ಅದನ್ನು ಎತ್ತಿ, ಮುಚ್ಚಿ, ಮೇಲೆ ಮಣ್ಣು ಹಾಕೋ ಕೆಲಸ 1977ರಿಂದ 1990ರ ತನಕ ನಡೀತು. ಹೂಳೆತ್ತೋದು ಅಂದ್ರೆ ಬರೀ ಆಳ ಮಾಡೋದಲ್ಲ ಅಂತ ಅಲ್ಲಿಯವರು ಲೆಕ್ಕ ಹಾಕಿ ಕೆಲಸ ಮಾಡಿದರು. ಯಾವ ಪದರದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ತಳ ಕಲಕಿದರೆ ಮಲಗಿದ್ದದ್ದು ಮತ್ತೆ ನೀರಿಗೆ ಬರುತ್ತೆ.

ಇದನ್ನು ಈಗಲೇ ಹೇಳೋಕೆ ಕಾರಣ ಇದೆ. ಅಂಕೋಲೆಯ ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರು ಕಟ್ಟೋಕೆ 2023ರ ನವೆಂಬರ್‌ನಲ್ಲಿ ಗುತ್ತಿಗೆ ನಿಗದಿ ಆಯ್ತು. ಮೀನುಗಾರರು ಬೀದಿಗಿಳಿದು ವಿರೋಧಿಸ್ತಾ ಇದ್ದಾರೆ. ಕಾರವಾರ ಬಂದರಿನ ಎರಡನೇ ಹಂತದ ವಿಸ್ತರಣೆಗೆ 2020ರ ಜನವರಿಯಲ್ಲಿ ಊರೇ ಬಂದ್ ಆಗಿತ್ತು. ಬಂದರು ಬೇಕೋ ಬೇಡವೋ ಅಂತ ನಮ್ಮ ಗುಂಪಲ್ಲೇ ಎರಡು ಮಾತಿದೆ. ಕೆಲಸ ಸಿಗುತ್ತೆ ಅನ್ನೋರು ಇದ್ದಾರೆ, ದೋಣಿ ಇಡೋಕೂ ಜಾಗ ಇರಲ್ಲ ಅನ್ನೋ ಮೀನುಗಾರರ ಮನೆಯ ಮಕ್ಕಳೂ ಇದ್ದಾರೆ. ಆದರೆ ಒಂದು ವಿಷಯದಲ್ಲಿ ಜಗಳ ಇಲ್ಲ. ದೊಡ್ಡ ಹಡಗು ಬರೋ ಕಾಲುವೆ ತೋಡಿದ ಮೇಲೆ ಅಲ್ಲಿನ ತಳದ ದಾಖಲೆ ಹೋದಂತೆಯೇ, ವಾಪಸ್ ಬರಲ್ಲ. ಪರಿಸರ ಪರಿಣಾಮದ ವರದಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಅನ್ನೋ ಪದ್ಧತಿ ಇದೆ. ವರ್ಷದ ಹೂಳೆಲ್ಲ ಬರೋದೇ ಮಳೆಗಾಲದಲ್ಲಿ! ಅದರಲ್ಲೂ ತೆಗೆಯೋದು ತಳದ ಮೇಲ್ಮೈಯ ಒಂದು ಬೊಗಸೆ ಕೆಸರು. ಅದರಿಂದ ಇವತ್ತಿನ ಸ್ಥಿತಿ ಗೊತ್ತಾಗುತ್ತೆ, ಮೊದಲು ಹೇಗಿತ್ತು ಅಂತ ಗೊತ್ತಾಗಲ್ಲ. ಈಗಾಗಲೇ ಕೆಟ್ಟಿದ್ದನ್ನೇ ‘ಬೇಸ್‌ಲೈನ್’ ಅಂತ ಬರೆದುಬಿಟ್ಟರೆ ಮುಂದೆ ಎಷ್ಟು ಕೆಟ್ಟರೂ ವ್ಯತ್ಯಾಸ ಕಮ್ಮಿಯೇ ಕಾಣುತ್ತೆ. ಸಾವಿರಾರು ಕೋಟಿಯ ಯೋಜನೆಯಲ್ಲಿ ಹತ್ತು ಕೆಸರಿನ ಕಂಬ ತೆಗೆದು ಇಡೋ ಖರ್ಚು ಯಾವ ಮೂಲೆಗೆ?

ಆಕ್ಷೇಪಗಳೂ ಇವೆ, ಅವನ್ನು ಮುಚ್ಚಿಡಲ್ಲ. ಅಳಿವೆ ಕೆರೆಯಷ್ಟು ಸಭ್ಯ ಅಲ್ಲ. ಏಡಿ, ಹುಳ ಕೊರೆದು ಪದರ ಕಲಸುತ್ತವೆ. ದೊಡ್ಡ ನೆರೆ ಬಂದರೆ ಹತ್ತು ವರ್ಷ ಕೂತದ್ದು ಒಂದೇ ರಾತ್ರಿ ಕೊಚ್ಚಿ ಹೋಗುತ್ತೆ. ಮರಳು ತೆಗೆದ ಜಾಗದಲ್ಲಿ ಓದೋಕೆ ಏನೂ ಉಳಿದಿರಲ್ಲ. ಎಸ್‌ಪಿಟಿಯ ಮಾದರಿ ಪೆಟ್ಟು ತಿಂದು ಕಲಸಿರುತ್ತೆ, ಮೇಲಿನ ನೂರು ವರ್ಷದ ನವಿರು ಲೆಕ್ಕಕ್ಕೆ ಅದು ಆಗಲ್ಲ. ನಿಜ. ಆದರೆ ಇಪ್ಪತ್ತು ಮೀಟರ್ ಆಳದ ಜೇಡಿಯಲ್ಲಿ ಸಿಕ್ಕ ಒಂದು ಚಿಪ್ಪಿಗೆ, ಒಂದು ಕಾಂಡ್ಲಾ ಬೇರಿಗೆ ವಯಸ್ಸು ಕಟ್ಟೋಕೆ, ಸಮುದ್ರ ಮಟ್ಟ ಆಗ ಎಲ್ಲಿತ್ತು ಅಂತ ಹೇಳೋಕೆ ಅದೇ ಮಾದರಿ ಧಾರಾಳ ಸಾಕು. ತೆಳು ಗೋಡೆಯ ಟ್ಯೂಬಲ್ಲಿ ತೆಗೆದ ಅಖಂಡ ಮಾದರಿ ಆದರೆ ಇನ್ನೂ ಚೆನ್ನ. ಆ ಆಳಕ್ಕೆ ಕೊರೆಯೋ ಯಂತ್ರ ಯಾವ ಭೂವಿಜ್ಞಾನ ವಿಭಾಗದ ಹತ್ತಿರವೂ ಸುಲಭಕ್ಕೆ ಇರಲ್ಲ. ಗುತ್ತಿಗೆದಾರರ ಹತ್ತಿರ ಇರುತ್ತೆ, ಅವರು ಹೇಗೂ ಕೊರೀತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗದ ಹಳೇ ಕಾಳಿ ಸೇತುವೆ ಕುಸಿದು ಬಿತ್ತಲ್ಲ, ಅದರ ಜಾಗಕ್ಕೆ ಇನ್ನೊಂದು ಕಟ್ಟಬೇಕು ಅಂದ್ರೂ ಕಾಳಿಯ ತಳಕ್ಕೆ ಸಾಲಾಗಿ ಬೋರ್ ಹಾಕಲೇಬೇಕು. ನದಿಯ ಅಗಲಕ್ಕೂ ಮಾದರಿ, ನಮ್ಮ ಕಡೆಯಿಂದ ಒಂದು ಪೈಸೆ ಖರ್ಚಿಲ್ಲದೆ! ಟೆಂಡರ್ ಷರತ್ತಲ್ಲಿ ‘ಪರೀಕ್ಷೆ ಮುಗಿದ ಮಾದರಿಗಳನ್ನು ಆಳ, ಸ್ಥಳ ಬರೆದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಒಪ್ಪಿಸತಕ್ಕದ್ದು’ ಅಂತ ಒಂದು ಸಾಲು ಸೇರಿಸಿದರೆ ಮುಗೀತು.

ಕಾಲೇಜು ಎಲ್ಲಿಡುತ್ತೆ ಅಂತ ಕೇಳ್ತಾರೆ. ಸರ್ವೆ ಲ್ಯಾಬಿನ ಹಿಂದೆ ಮುರಿದ ಬೆಂಚು ತುಂಬಿಟ್ಟ ಕೋಣೆ ಯಾವ ಕಾಲೇಜಲ್ಲಿಲ್ಲ ಹೇಳಿ.

ಮೇಲಿನ ಒಂದು ಮೀಟರ್ ಮಾತ್ರ ನಾವೇ ತೆಗೆಯಬೇಕು, ತೆಗೆಯಬಹುದು ಕೂಡ. ಸಮುದ್ರ ಇಳಿದ ಹೊತ್ತಲ್ಲಿ ಕೆಸರಿನ ಬಯಲಿಗೆ ಹೋಗಿ, ಅಂಚು ಹರಿತ ಮಾಡಿದ ಮೂರಿಂಚಿನ ಪಿವಿಸಿ ಪೈಪನ್ನು ನಿಧಾನ ಒತ್ತಿ ಇಳಿಸಿ, ಮೇಲಿನ ಬಾಯಿಗೆ ಗಾಳಿಯಾಡದ ಹಾಗೆ ಮುಚ್ಚಳ ಹಾಕಿ ಎಳೆದರೆ ಕೆಸರು ಜಾರದೆ ಬರುತ್ತೆ. ಹೀರುಕೊಳವೆಯ ಬಾಯಿಗೆ ಬೆರಳಿಟ್ಟು ಎಳನೀರು ಎತ್ತಿದ ಹಾಗೆ. ಪೈಪ್ ಉದ್ದಕ್ಕೆ ಸೀಳಿ, ಸೆಂಟಿಮೀಟರ್ ಸೆಂಟಿಮೀಟರಿಗೆ ಕೊಯ್ದು, ಚೀಟಿ ಬರೆದು ತಣ್ಣಗೆ ಇಡಬೇಕು. ಕಾಂಡ್ಲಾ ಇರೋ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಗಾ ಕಡೆಯ ನೌಕಾನೆಲೆಯ ಹತ್ತಿರ ಸುಳಿಯೋ ಯೋಚನೆ ಬೇಡ. ಸೀಸ-210, ಕಾರ್ಬನ್-14 ನಮ್ಮಲ್ಲಿ ಆಗಲ್ಲ. ಪರಾಗಕ್ಕೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಇದೆ, ಕಾರ್ಬನ್‌ಗೆ ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಇದೆ, ಗೋವಾದ ಸಾಗರ ವಿಜ್ಞಾನ ಸಂಸ್ಥೆ ಕಾರವಾರದಿಂದ ಅರ್ಧ ದಿನದ ದಾರಿಯೂ ಅಲ್ಲ, ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗ ಇದೆ. ಕಣದ ಗಾತ್ರ, ಸುಟ್ಟಾಗ ಕಳೆಯೋ ತೂಕ, ಕಾಂತೀಯ ಗುಣ ಇವಿಷ್ಟು ನಮ್ಮ ಲ್ಯಾಬುಗಳಲ್ಲೇ ಆಗುತ್ತೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪ್ರತಿ ವರ್ಷ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದುಡ್ಡು ಕೊಡುತ್ತೆ. ನಮ್ಮ ಬ್ಯಾಚಿನಿಂದ ಮತ್ತೊಂದು ‘ಕಾಂಕ್ರೀಟಲ್ಲಿ ಹಾರುಬೂದಿ’ ಹೋಗೋ ಬದಲು ಇದು ಹೋದರೆ ಮಂಡಳಿಯವರಿಗೂ ಓದೋಕೆ ಬೇಸರ ಆಗಲಿಕ್ಕಿಲ್ಲ.

ಪೈಪ್ ಸೀಳೋ ಸಾಧನ ಮಾಡಿಕೊಡೋಕೆ ಮೆಕ್ಯಾನಿಕಲ್‌ನವರು, ಪದರದ ಫೋಟೋದಿಂದ ಬಣ್ಣದ ಏರಿಳಿತ ಬಿಡಿಸೋಕೆ ಕಂಪ್ಯೂಟರ್ ಸೈನ್ಸ್‌ನವರು, ಮಂಜಗುಣಿಯಲ್ಲಿ ಕಾಲು ಹುಗಿಯದ ಕೆಸರು ಯಾವುದು ಅಂತ ಗೊತ್ತಿರೋ ಒಬ್ಬರು ಬೇಕಾಗಿದ್ದಾರೆ. ಮಳೆಗಾಲ ಮುಗಿದ ಮೇಲಿನ ಮೊದಲ ಅಮಾವಾಸ್ಯೆಯ ಇಳಿತಕ್ಕೆ ಹೋಗೋದು ಅಂತ ಅಂದುಕೊಂಡಿದ್ದೀವಿ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.